ಬಾಗಿಲು, ಕದ, ಅಗಸೆ, ಗೋಪುರ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಡು ತಿದ್ದುವ ಕೆಲಸದವನನ್ನು ಪದಗಳ ಬಗ್ಗೆ ಕೇಳುವವರಿಗೆ ಬರವಿಲ್ಲ. ನನ್ನ ಪಾಲಿಗೆ ಬಂದ ಪ್ರಶ್ನೆಗಳಲ್ಲಿ ಬಾಗಿಲಿನವೇ ಎಷ್ಟೋ ಇವೆ. ಪ್ರತಿ ಸಲವೂ ಮೊದಲಿನಿಂದ ಹೇಳುವ ಬದಲು ಒಂದೆಡೆ ಬರೆದಿಟ್ಟರೆ ಕೇಳಿದವರಿಗೆ ತೋರಿಸಬಹುದು ಎಂದು ಇವನ್ನು ಕಲೆಹಾಕಿದ್ದೇನೆ. ಕಲ್ಲು ಗಾರೆಯ ಬಾಗಿಲುಗಳೂ ಇಲ್ಲಿವೆ, ಯಾರೂ ಕಣ್ಣಾರೆ ಕಾಣದ ವೈಕುಂಠದ ಬಾಗಿಲೂ ಇದೆ. ಉತ್ತರಗಳೆಲ್ಲ ಒಂದೇ ಅಳತೆಯಲ್ಲಿಲ್ಲ. ಕೆಲವು ಬಾಗಿಲಲ್ಲಿ ನಾನೇ ಹೆಚ್ಚು ಹೊತ್ತು ನಿಂತುಬಿಟ್ಟಿದ್ದೇನೆ.

ಬಾಗಿಲು, ಕದ, ದ್ವಾರ: ಮೂರೂ ಒಂದೇ ತಾನೆ?

ಅಲ್ಲ. ಬಾಗಿಲು ಎಂದರೆ ಗೋಡೆಯಲ್ಲಿ ಬಿಟ್ಟ ತೆರಪು, ಹಾದುಹೋಗುವ ಜಾಗ. ಕದ ಎಂದರೆ ಆ ತೆರಪನ್ನು ಮುಚ್ಚುವ ಹಲಗೆ. ಒಂದು ಬಯಲು, ಇನ್ನೊಂದು ಮರ. ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತುವವರಿಗೆ ಮೇಲ್ಭಾಗದಲ್ಲಿ ಅಖಂಡ ಬಾಗಿಲು ಸಿಗುತ್ತದೆ. ಒಂದೇ ಬಂಡೆಯನ್ನು ಕಡೆದು ಮಾಡಿದ್ದು, ತಲೆಯ ಮೇಲೆ ಗಜಲಕ್ಷ್ಮಿ. ಅಲ್ಲಿ ಹಲಗೆಯ ಮಾತೇ ಇಲ್ಲ. ಬಂಡೆಯಿಂದ ಶಿಲ್ಪಿ ಏನನ್ನು ತೆಗೆದುಹಾಕಿದನೋ ಅದೇ ಬಾಗಿಲು.

ದಿನಬಳಕೆಯಲ್ಲಿ ಈ ಭೇದ ಸವೆದುಹೋಗಿದೆ. ‘ಬಾಗಿಲಿಗೆ ಬಣ್ಣ ಹೊಡೆಸಿದೆ’ ಎನ್ನುವಾಗ ನಾವು ಹೇಳುವುದು ಕದವನ್ನೇ. ಕದ ಎಂಬ ಪದ ಈಗ ಹೆಚ್ಚಾಗಿ ಪತ್ರಿಕೆಗಳಲ್ಲಿ ಬದುಕಿದೆ: ಬೇರೆ ದಾರಿ ಕಾಣದವರು ‘ನ್ಯಾಯಾಲಯದ ಕದ ತಟ್ಟುತ್ತಾರೆ’. ದ್ವಾರ ಸಂಸ್ಕೃತದ್ದು. ಗುಡಿಗೆ, ಅರಮನೆಗೆ, ಸಮ್ಮೇಳನದ ಚಪ್ಪರಕ್ಕೆ ಒಪ್ಪುತ್ತದೆ, ಅಡುಗೆಮನೆಗೆ ಒಪ್ಪುವುದಿಲ್ಲ. ‘ಅಡುಗೆಮನೆಯ ದ್ವಾರ’ ಎಂದು ಬರೆದ ಕಥೆಗಾರರೊಬ್ಬರ ಕರಡಿನಲ್ಲಿ ನಾನು ಸದ್ದಿಲ್ಲದೆ ಬಾಗಿಲು ಇಟ್ಟಿದ್ದೇನೆ. ಆದರೆ ಇದೇ ದ್ವಾರ ವೇಷ ಮರೆಸಿಕೊಂಡು ಮನೆಯೊಳಗೂ ಬಂದಿದೆ. ಬಡಗಿ ಬಾಗಿಲಿನ ಚೌಕಟ್ಟಿಗೆ ದಾರಂದ ಎನ್ನುತ್ತಾನಲ್ಲ, ಅದು ‘ದ್ವಾರಬಂಧ’ವೇ ಬಾಯಿಂದ ಬಾಯಿಗೆ ಸವೆದು ಆದದ್ದು.

‘ಕೇದಾರನಾಥದ ಕಪಾಟು ತೆರೆಯಿತು’ ಎಂದು ಎಲ್ಲೋ ಓದಿದೆ. ದೇವರಿಗೂ ಬೀರು ಇದೆಯೇ?

ಅದು ಅನುವಾದಕನ ಅವಸರ. ಸಂಸ್ಕೃತದಲ್ಲಿ ಕಪಾಟ ಅಥವಾ ಕವಾಟ ಎಂದರೆ ಕದ. ಹಿಂದಿಯವರು ಚಳಿಗಾಲ ಕಳೆದು ಗುಡಿಯ ಬಾಗಿಲು ತೆರೆದಾಗ ‘ಕಪಾಟ್’ ತೆರೆಯಿತು ಎನ್ನುತ್ತಾರೆ. ನಮ್ಮಲ್ಲಿ ಮತ್ತು ಮರಾಠಿಯಲ್ಲಿ ಕಪಾಟು ಎಂದರೆ ಕದವಿರುವ ಪೆಟ್ಟಿಗೆಯೇ ಆಯಿತು. ಭಾಗದ ಹೆಸರು ಇಡೀ ವಸ್ತುವಿಗೆ ಹತ್ತಿಕೊಂಡಿತು. ಅಣ್ಣನಾದ ಕವಾಟ ಮಾತ್ರ ವೈದ್ಯರ ಕೈಗೆ ಹೋದ. ಹೃದಯದ ಕವಾಟ ಎಂದಾಗ ರಕ್ತವನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಾರದಂತೆ ಮುಚ್ಚಿಕೊಳ್ಳುವ ಕದ ಎಂದೇ ಅರ್ಥ. ಈ ಪಾರಿಭಾಷಿಕ ಪದ ಮಾಡಿದವರಿಗೆ ನನ್ನ ನಮಸ್ಕಾರ. ಇಷ್ಟು ಸರಿಯಾಗಿ ಕೂತ ಪದಗಳು ಕಡಿಮೆ.

ತಲೆ ಬಾಗಿ ಒಳಗೆ ಬರಬೇಕು, ಅದಕ್ಕೇ ‘ಬಾಗಿಲು’ ಎಂಬ ಹೆಸರು ಬಂತು ಎನ್ನುತ್ತಾರೆ. ನಿಜವೇ?

ಭಾಷಣಕ್ಕೆ ಚೆನ್ನಾಗಿದೆ, ಭಾಷೆಯ ಇತಿಹಾಸಕ್ಕೆ ಹೊಂದುವುದಿಲ್ಲ. ಹಳೆಯ ಮನೆಗಳ ಬಾಗಿಲು ಗಿಡ್ಡ, ಬಾಗದಿದ್ದರೆ ಹಣೆಗೆ ಪೆಟ್ಟು ಎಂಬುದು ಸರಿ. ನನ್ನ ಅಜ್ಜನ ಮನೆಯ ನಡುಮನೆ ಬಾಗಿಲು ನನಗೆ ಈ ಪಾಠವನ್ನು ಪ್ರತಿ ಬೇಸಿಗೆ ರಜೆಯಲ್ಲೂ ಕಲಿಸಿದೆ. ಆದರೆ ಹಳಗನ್ನಡದ ‘ಬಾಗಿಲ್’ ಪದಕ್ಕೆ ಒಡಹುಟ್ಟಿದವರು ಅಕ್ಕಪಕ್ಕದಲ್ಲೇ ಇದ್ದಾರೆ: ತಮಿಳಿನ ವಾಯಿಲ್ ಮತ್ತು ವಾಸಲ್, ತೆಲುಗಿನ ವಾಕಿಲಿ, ಮಲಯಾಳದ ವಾದಿಲ್, ತುಳುವಿನ ಬಾಕಿಲ್. ತಮಿಳಿನ ರೂಪವನ್ನು ‘ವಾಯ್’ ಮತ್ತು ‘ಇಲ್’ ಎಂದು ಬಿಡಿಸುವುದು ರೂಢಿ: ಬಾಯಿ ಮತ್ತು ಮನೆ. ಮನೆಯ ಬಾಯಿ. ತಮಿಳಿನ ವ ನಮ್ಮಲ್ಲಿ ಬ ಆಗುವುದು ಹೊಸದೇನಲ್ಲ, ವಾಯ್ ಇಲ್ಲಿ ಬಾಯಿ ಆದಂತೆಯೇ. ಬಾಗುವ ಕಥೆಗಿಂತ ಈ ಬಾಯಿಯ ಕಥೆಯೇ ನನಗೆ ಇಷ್ಟ. ಬಾವಿಗೆ, ಗಡಿಗೆಗೆ, ಚೀಲಕ್ಕೆ, ಹುತ್ತಕ್ಕೆ ಎಲ್ಲಕ್ಕೂ ಬಾಯಿ ಕೊಟ್ಟ ಜನ ಮನೆಗೆ ಕೊಡದೆ ಬಿಟ್ಟಾರೆಯೇ?

ಅಂದಮೇಲೆ ತಲೆಬಾಗಿಲು ಎಂಬುದೂ ‘ತಲೆ ಬಾಗು’ ಅಲ್ಲ. ತಲೆ ಎಂದರೆ ಮೊದಲನೆಯದು, ಮುಖ್ಯವಾದದ್ದು. ಬೀದಿಯಿಂದ ಬಂದರೆ ಮೊದಲು ಸಿಗುವ ಬಾಗಿಲು ಅದು. ಆಮೇಲೆ ನಡುಬಾಗಿಲು, ಕೊನೆಗೆ ಹಿತ್ತಲ ಬಾಗಿಲು.

ಹೆಬ್ಬಾಗಿಲಿಗೂ ದಿಡ್ಡಿ ಬಾಗಿಲಿಗೂ ಏನು ವ್ಯತ್ಯಾಸ?

ಹಿರಿದಾದ ಬಾಗಿಲು ಹೆಬ್ಬಾಗಿಲು. ಆನೆ, ಗಾಡಿ, ಮೆರವಣಿಗೆ ಹೋಗುವಷ್ಟು ದೊಡ್ಡದು. ಇಷ್ಟು ದೊಡ್ಡ ಕದವನ್ನು ರಾತ್ರಿ ಒಬ್ಬ ದಾರಿಹೋಕನಿಗಾಗಿ ತೆರೆಯುವುದು ಕಷ್ಟ, ಅಪಾಯ ಕೂಡ. ಅದಕ್ಕೆ ಕದದಲ್ಲೇ ಒಬ್ಬರು ನುಸುಳುವಷ್ಟು ಚಿಕ್ಕ ಬಾಗಿಲು ಇಡುತ್ತಿದ್ದರು, ಇಲ್ಲವೇ ಕೋಟೆಯ ಮಗ್ಗುಲಲ್ಲಿ ಕಣ್ಣಿಗೆ ಬೀಳದ ಸಣ್ಣ ದಾರಿ ಬಿಡುತ್ತಿದ್ದರು. ಎರಡಕ್ಕೂ ದಿಡ್ಡಿ ಎನ್ನುತ್ತಾರೆ.

ಇತಿಹಾಸ ಹೆಬ್ಬಾಗಿಲಿಗಿಂತ ದಿಡ್ಡಿಯಲ್ಲೇ ಹೆಚ್ಚು ಓಡಾಡಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ದೇಹ ಸಿಕ್ಕಿದ್ದು ನೀರಿನ ಕಡೆಗಿದ್ದ ಸಣ್ಣ ಬಾಗಿಲಿನ ಹತ್ತಿರ, ಸತ್ತವರ ರಾಶಿಯ ನಡುವೆ. ಚಿತ್ರದುರ್ಗದಲ್ಲಿ ಏಳು ಸುತ್ತಿನ ಕೋಟೆಯನ್ನು ನೋಡಲು ಹೋದವರೂ ಕೊನೆಗೆ ಕೇಳುವುದು ‘ಓಬವ್ವನ ಕಿಂಡಿ ಎಲ್ಲಿ?’ ಎಂದು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದರೆಂದೂ ಕಾವಲುಗಾರನ ಹೆಂಡತಿ ಒನಕೆ ಹಿಡಿದು ಕಾದು ನಿಂತಳೆಂದೂ ದುರ್ಗದವರು ಹೇಳುವ ಜಾಗ ಅದು. ಮೈ ಕುಗ್ಗಿಸಿ ತೂರಬೇಕಾದ ಕಲ್ಲಿನ ಸಂದು ಅದು, ಬಾಗಿಲು ಎನ್ನುವ ಹಾಗಿಲ್ಲ.

ಕಿಂಡಿ ಎಂದಮೇಲೆ, ಕನಕನ ಕಿಂಡಿ ಬಾಗಿಲೋ ಕಿಟಕಿಯೋ?

ಕಿಟಕಿ. ಉಡುಪಿಯಲ್ಲಿ ಕೃಷ್ಣನ ದರ್ಶನ ಮಾಡುವುದು ಬಾಗಿಲಲ್ಲಿ ನಿಂತಲ್ಲ, ಒಳಗಿರುವ ಒಂಬತ್ತು ತೂತುಗಳ ನವಗ್ರಹ ಕಿಂಡಿಯ ಮೂಲಕ. ಹೊರಗೋಡೆಯ ಕಿಂಡಿಗೆ ಕನಕದಾಸರ ಹೆಸರು. ಒಳಗೆ ಬಿಡದ ಬಾಗಿಲನ್ನು ಜನ ಮರೆತಿದ್ದಾರೆ, ದೇವರೇ ತಿರುಗಿ ನೋಡಿದ ಎನ್ನುವ ಕಿಂಡಿಯ ಮುಂದೆ ಇವತ್ತಿಗೂ ಸಾಲು ನಿಲ್ಲುತ್ತಾರೆ.

ಅಗಸೆ ಬಾಗಿಲು ಎಂದರೆ ಅಗಸರ ಕೇರಿಯ ಬಾಗಿಲೇ?

ಈ ಪ್ರಶ್ನೆ ಹಳೆ ಮೈಸೂರಿನವರಿಂದಲೇ ಬರುತ್ತದೆ, ಏಕೆಂದರೆ ಉತ್ತರ ಕರ್ನಾಟಕದವರಿಗೆ ಅನುಮಾನವೇ ಇಲ್ಲ. ಅಲ್ಲಿ ಅಗಸಿ ಅಥವಾ ಅಗಸೆ ಎಂದರೆ ಊರಿನ ಮುಖ್ಯ ಬಾಗಿಲು. ಎರಡು ಪಕ್ಕ ಕಲ್ಲಿನ ಕಟ್ಟೆ, ಮೇಲೆ ಕಮಾನು. ಹೊಲಕ್ಕೆ ಹೋಗುವ ಚಕ್ಕಡಿ ದಾಟುವುದು ಅಲ್ಲಿ, ಸಂಜೆ ಹಿರಿಯರು ಕೂತು ಬೆಳೆ, ಮಳೆ, ಮದುವೆ, ಚುನಾವಣೆ ಮಾತಾಡುವುದೂ ಅಲ್ಲೇ. ಹೊಸ ಸೊಸೆ ಊರೊಳಗೆ ಬರುವುದೂ ಸತ್ತವರನ್ನು ಹೊತ್ತು ಹೋಗುವುದೂ ಅದೇ ಅಗಸೆಯಿಂದ.

ಇದಕ್ಕೂ ಬಟ್ಟೆ ಒಗೆಯುವ ಅಗಸನಿಗೂ ಸಂಬಂಧವಿಲ್ಲ. ಎಣ್ಣೆ ತೆಗೆಯುವ ಅಗಸೆ ಬೀಜ ಬೇರೆ, ಹೂವು ಬಿಡುವ ಅಗಸೆ ಮರ ಇನ್ನೂ ಬೇರೆ. ಒಂದೇ ಉಚ್ಚಾರದೊಳಗೆ ಇಷ್ಟು ಜನ ಒಟ್ಟಿಗೆ ಬಾಡಿಗೆಗಿದ್ದಾರೆ. ಹುಬ್ಬಳ್ಳಿ ಕಡೆಯ ಒಂದು ಕಥೆಯಲ್ಲಿ ‘ಅಗಸಿಯೊಳಗ ಕುಂತಿದ್ರು’ ಎಂದಿದ್ದದ್ದನ್ನು ‘ಅಗಸೆ ಮರದ ಕೆಳಗೆ ಕುಳಿತಿದ್ದರು’ ಎಂದು ತಿದ್ದಿ ಮುಖ ಕೆಂಪಾಗಿಸಿಕೊಂಡವರು ನಮ್ಮ ಕಸುಬಿನಲ್ಲೇ ಇದ್ದಾರೆ. ಯಾರೆಂದು ಕೇಳಬೇಡಿ, ಆಗ ನನಗೆ ವಯಸ್ಸು ಚಿಕ್ಕದು.

ಬಿಜಾಪುರದಲ್ಲಿ ಮೆಕ್ಕಾ ಬಾಗಿಲು, ಬೆಂಗಳೂರಿನಲ್ಲಿ ದಿಲ್ಲಿ ಬಾಗಿಲು. ಯಾರು ಎಲ್ಲಿಂದ ತಂದು ನಿಲ್ಲಿಸಿದರು?

ಯಾರೂ ತರಲಿಲ್ಲ. ಕೋಟೆಯ ಬಾಗಿಲಿಗೆ ಹೆಸರಿಡುವ ಹಳೆಯ ಪದ್ಧತಿ ಸರಳ: ಆ ಬಾಗಿಲಿನಿಂದ ಹೊರಟ ದಾರಿ ಎತ್ತ ಹೋಗುತ್ತದೋ, ಅದು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ಹೆಸರು. ವಿಜಯಪುರದ ಕೋಟೆಯಲ್ಲಿ ಮೆಕ್ಕಾ ದರ್ವಾಜಾ ಪಶ್ಚಿಮಕ್ಕಿದೆ. ಬೆಂಗಳೂರು ಕೋಟೆಯ ಉತ್ತರದ ಬಾಗಿಲಿಗೆ ದಿಲ್ಲಿಯ ಹೆಸರು. ಕೆ.ಆರ್. ಮಾರುಕಟ್ಟೆಯ ಸದ್ದಿನ ನಡುವೆ ಇವತ್ತಿಗೂ ನಿಂತಿದೆ; 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ನುಗ್ಗಿದ್ದು ಈ ಕೋಟೆಗೇ. ತಮಾಷೆಯೆಂದರೆ ದಿಲ್ಲಿಗೆ ಹೋದರೆ ಅಲ್ಲಿ ಲಾಹೋರಿ ದರ್ವಾಜಾ, ಅಜ್ಮೇರಿ ದರ್ವಾಜಾ, ಕಾಶ್ಮೀರಿ ದರ್ವಾಜಾ. ಲಾಹೋರಿಗೆ ಹೋದರೆ ಅಲ್ಲಿ ದಿಲ್ಲಿ ದರ್ವಾಜಾ. ಬಾಗಿಲು ತಾನಿರುವ ಊರಿನ ಹೆಸರು ಹೇಳುವುದು ಅಪರೂಪ.

ಈ ಪದ್ಧತಿ ಮುರಿಯುವುದು ಯುದ್ಧದಲ್ಲಿ. ವಿಜಯಪುರದ ದಕ್ಷಿಣದಲ್ಲಿ ಮನಗೂಳಿ ಊರಿನ ಹೆಸರಿದ್ದ ಬಾಗಿಲು ಫತೇ ದರ್ವಾಜಾ ಆಯಿತು, ಅಂದರೆ ಗೆಲುವಿನ ಬಾಗಿಲು. 1686ರಲ್ಲಿ ಔರಂಗಜೇಬ ಅದರ ಮೂಲಕ ಒಳಬಂದನೆಂಬುದು ಪ್ರತೀತಿ. ಗೆಲುವು ಯಾರದೋ, ಬಾಗಿಲು ಯಾರದೋ. ಬೀದರಿನ ಶರ್ಜಾ ದರ್ವಾಜಾಕ್ಕೆ ಮಾತ್ರ ಊರೂ ಇಲ್ಲ, ಗೆಲುವೂ ಇಲ್ಲ. ಬಾಗಿಲ ಮೇಲೆ ಕೆತ್ತಿದ ಹುಲಿಗಳಿಂದ ಆ ಹೆಸರು.

ಬೆಂಗಳೂರಿನ ಹಲಸೂರು ಗೇಟಿನಲ್ಲಿ ಗೇಟೆಲ್ಲಿದೆ?

ಇಲ್ಲ. ಅಷ್ಟೇ ಅಲ್ಲ, ಹಲಸೂರೂ ಅಲ್ಲಿಲ್ಲ. ಕೆಂಪೇಗೌಡರು 1537ರ ಸುಮಾರಿಗೆ ಕಟ್ಟಿದ ಪೇಟೆಗೆ ನಾಲ್ಕು ಮುಖ್ಯ ಬಾಗಿಲುಗಳಿದ್ದವು: ಪೂರ್ವಕ್ಕೆ ಹಲಸೂರು, ಉತ್ತರಕ್ಕೆ ಯಲಹಂಕ, ಪಶ್ಚಿಮಕ್ಕೆ ಸೊಂಡೆಕೊಪ್ಪ, ದಕ್ಷಿಣಕ್ಕೆ ಆನೇಕಲ್. ಮೇಲೆ ಹೇಳಿದ ಪದ್ಧತಿಯೇ ಇಲ್ಲೂ. ಮಣ್ಣಿನ ಗೋಡೆ ಹೋಯಿತು, ಕಂದಕ ಮುಚ್ಚಿತು, ಪೊಲೀಸ್ ಠಾಣೆಯ ಫಲಕದ ಮೇಲೆ ಹಲಸೂರು ಗೇಟ್ ಉಳಿಯಿತು.

ಈ ಕೋಟೆಯ ಬಾಗಿಲಿಗೆ ಅಂಟಿಕೊಂಡ ಕಥೆಯೊಂದಿದೆ. ಕಟ್ಟಿದ ಬಾಗಿಲು ನಿಲ್ಲದೆ ಮತ್ತೆ ಮತ್ತೆ ಕುಸಿಯುತ್ತಿತ್ತಂತೆ, ಬಲಿ ಬೇಕೆಂದು ಹೇಳಿದರಂತೆ, ಕೆಂಪೇಗೌಡರ ಗರ್ಭಿಣಿ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ಪ್ರಾಣ ಕೊಟ್ಟಳಂತೆ. ಆಕೆಯ ಸಮಾಧಿ ಎಂದು ತೋರಿಸುವ ಜಾಗ ಕೋರಮಂಗಲದಲ್ಲಿದೆ. ಬಾಗಿಲು ಈಗಿಲ್ಲ, ಆಕೆಯ ಕಥೆಯನ್ನು ಜನ ಇನ್ನೂ ಹೇಳುತ್ತಾರೆ.

ಇನ್ನು ಹಳೆ ಮೈಸೂರಿನ ಹೆದ್ದಾರಿಗಳ ಉದ್ದಕ್ಕೂ ಇರುವ ‘ಗೇಟ್’ ಬೇರೆ ಜಾತಿಯದು. ಬಸ್ಸಿನಲ್ಲಿ ಕಂಡಕ್ಟರ್ ‘ಗೇಟ್ ಯಾರ್ರೀ ಇಳಿಯೋರು?’ ಎಂದು ಕೂಗಿದರೆ ಹುಡುಕಿದರೂ ಗೇಟ್ ಕಾಣುವುದಿಲ್ಲ. ಒಂದು ಟೀ ಅಂಗಡಿ, ಒಂದು ಅರಳಿಕಟ್ಟೆ, ಒಳಗಿನ ಊರಿಗೆ ಕವಲೊಡೆದ ರಸ್ತೆ. ಊರಿನ ಹೆಸರಿಗೆ ಗೇಟ್ ಸೇರಿಸಿದರೆ ‘ಊರಿಗೆ ಇಲ್ಲಿಳಿದು ನಡೆಯಬೇಕು’ ಎಂದರ್ಥ. ಹೊಸೂರು ರಸ್ತೆಯ ಕೂಡ್ಲು ಗೇಟ್ ಈಗ ಮೆಟ್ರೊ ನಿಲ್ದಾಣದ ಹೆಸರೂ ಆಗಿದೆ. ಟಿಕೆಟ್ ತಟ್ಟಿದರೆ ತೆರೆದುಕೊಳ್ಳುವ ಯಂತ್ರದ ಗೇಟು ಅಂತೂ ಅಲ್ಲಿಗೆ ಬಂತು.

ತೋರಣ ಎಂದರೆ ಮಾವಿನೆಲೆ ತಾನೆ? ಸಾಂಚಿಯಲ್ಲಿ ಕಲ್ಲಿನ ತೋರಣ ಹೇಗೆ?

ಸಂಸ್ಕೃತದ ತೋರಣ ಮೂಲದಲ್ಲಿ ಬಾಗಿಲೇ. ಎರಡು ಕಂಬ, ಮೇಲೆ ಅಡ್ಡಪಟ್ಟಿ, ಕದವಿಲ್ಲ. ಸಾಂಚಿಯ ಮಹಾಸ್ತೂಪದ ನಾಲ್ಕು ದಿಕ್ಕಿಗೆ ನಿಂತಿರುವ ತೋರಣಗಳು ಎರಡು ಸಾವಿರ ವರ್ಷ ಹಳೆಯವು. ಹತ್ತಿರ ನಿಂತು ನೋಡಿದರೆ ಕಲ್ಲಿನಲ್ಲಿ ಮರಗೆಲಸದ ಗುರುತು ಕಾಣುತ್ತದೆ: ಮೂರು ಅಡ್ಡತೊಲೆಗಳು, ಕಂಬದಿಂದಾಚೆಗೆ ಚಾಚಿದ ಅವುಗಳ ತುದಿ, ತುದಿಯಲ್ಲಿ ಸುರುಳಿ. ಮರದಲ್ಲಿ ಮಾಡುತ್ತಿದ್ದುದನ್ನೇ ಕಲ್ಲಿಗೆ ಇಳಿಸಿದ್ದಾರೆ. ಕಾಕತೀಯರ ಓರುಗಲ್ಲಿನ, ಅಂದರೆ ವಾರಂಗಲ್ಲಿನ ಕೀರ್ತಿತೋರಣ ಇನ್ನೊಂದು ಪ್ರಸಿದ್ಧ ಉದಾಹರಣೆ. ಅದರೊಳಗಿನ ಗುಡಿ ನೆಲಸಮವಾಗಿದೆ, ತೋರಣಗಳು ನಿಂತಿವೆ.

ಕನ್ನಡದಲ್ಲಿ ಪದ ಕೆಳಗಿಳಿದು ಹಗುರಾಯಿತು. ಬಾಗಿಲಿಗೆ ಕಟ್ಟುವ ಅಲಂಕಾರಕ್ಕೆ ಬಾಗಿಲಿನ ಹೆಸರು ಬಂತು. ಹಬ್ಬದ ಬೆಳಿಗ್ಗೆ ಮಾವಿನೆಲೆಯ ತೊಟ್ಟನ್ನು ಮಡಿಸಿ, ತೆಂಗಿನ ಕಡ್ಡಿ ಚುಚ್ಚಿ, ಬಾಳೆನಾರಿಗೆ ಪೋಣಿಸುವ ಆ ಸಾಲಿಗೆ ತೋರಣ ಎನ್ನದೆ ಬೇರೆ ಏನೆಂದರೂ ಒಪ್ಪದು. ದೇವರ ಹಿಂದಿನ ಪ್ರಭಾವಳಿಯ ಮಕರತೋರಣದಲ್ಲಿ ಹಳೆಯ ಅರ್ಥ ಇನ್ನೂ ಸ್ವಲ್ಪ ಉಸಿರಾಡುತ್ತಿದೆ. ಹಾಗೆಯೇ ಒಂದು ಎಚ್ಚರಿಕೆ: ಹಂಪಿಯ ವಿಠ್ಠಲ ಗುಡಿಗೆ ಹೋಗುವ ದಾರಿಯಲ್ಲಿ ಎರಡು ಕಲ್ಲಿನ ಕಂಬ, ಮೇಲೊಂದು ತೊಲೆ ನೋಡಿ ತೋರಣವೆನ್ನಬೇಡಿ. ಅದು ಅರಸನನ್ನು ಚಿನ್ನದಲ್ಲಿ ತೂಗುತ್ತಿದ್ದರೆನ್ನುವ ತುಲಾಭಾರದ ಕಂಬ.

ಗೋಪುರ ಎತ್ತರದ ಕಟ್ಟಡವೋ ಬಾಗಿಲೋ?

ಬಾಗಿಲು. ಅಮರಕೋಶ ಗೋಪುರಕ್ಕೆ ಕೊಡುವ ಅರ್ಥ ಊರಿನ ಬಾಗಿಲೆಂದೇ. ನಮ್ಮ ಕಿವಿಗೆ ಈಗ ಎತ್ತರದ್ದೆಲ್ಲ ಗೋಪುರ. ಗರ್ಭಗುಡಿಯ ಮೇಲಿನ ಶಿಖರಕ್ಕೂ ಗೋಪುರ ಎನ್ನುವವರು ಬಹಳ. ಹಾಗೆ ಬರೆದರೆ ನಾನು ತಿದ್ದುತ್ತೇನೆ. ಶಿಖರ ದೇವರ ತಲೆಯ ಮೇಲೆ, ಗೋಪುರ ಭಕ್ತನ ತಲೆಯ ಮೇಲೆ. ಪಟ್ಟದಕಲ್ಲಿನಲ್ಲಿ ಕಣ್ಣು ತುಂಬುವುದು ಶಿಖರ. ವಿಜಯನಗರದ ಕಾಲಕ್ಕೆ ಬಂದರೆ ಎತ್ತರವೆಲ್ಲ ಬಾಗಿಲಿಗೆ ವರ್ಗವಾಗಿ, ಒಳಗಿನ ಶಿಖರ ಅದರ ಮುಂದೆ ಕುಳ್ಳಾಯಿತು.

ಹಂಪಿಯ ವಿರೂಪಾಕ್ಷ ಗುಡಿಯ ಪೂರ್ವದ ಗೋಪುರ ಸುಮಾರು 50 ಮೀಟರ್ ಎತ್ತರ. ಅದರ ಕೆಳಗೆ ಹಾದು, ಗುಡಿಯ ಹಿಂಭಾಗದ ಕತ್ತಲ ಕೋಣೆಗೆ ಹೋಗಿ. ಗೋಡೆಯ ಒಂದು ಸಣ್ಣ ರಂಧ್ರದಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ಅದೇ ಗೋಪುರ ತಲೆಕೆಳಗಾಗಿ ಮೂಡಿರುತ್ತದೆ. ಬೆಳಕು ನೇರ ಗೆರೆಯಲ್ಲಿ ಚಲಿಸುವುದರಿಂದ ಮೇಲಿನ ಕಿರಣ ಕೆಳಗೆ, ಕೆಳಗಿನದು ಮೇಲೆ. ನಿಜವಾದ ಬಾಗಿಲು ಮತ್ತು ಅದರ ಭ್ರಮೆ ಎರಡನ್ನೂ ಒಂದೇ ಗುಡಿಯಲ್ಲಿ ನೋಡಬೇಕೆಂದರೆ ಇದಕ್ಕಿಂತ ಬೇರೆ ಜಾಗ ನನಗೆ ಗೊತ್ತಿಲ್ಲ. ಮುರುಡೇಶ್ವರದ ಹೊಸ ರಾಜಗೋಪುರ 20 ಅಂತಸ್ತಿನದು, ಒಳಗೆ ಲಿಫ್ಟ್ ಇದೆ. ಬಾಗಿಲಿನ ಕೆಳಗೆ ಹಾದುಹೋಗುವ ಕಾಲ ಮುಗಿದು ಬಾಗಿಲನ್ನೇ ಹತ್ತುವ ಕಾಲ ಬಂತು.

ದ್ವಾರಸಮುದ್ರ ಎಂದರೆ ಸಮುದ್ರಕ್ಕೆ ಬಾಗಿಲು ಎಂದು ಮಾರ್ಗದರ್ಶಿಯೊಬ್ಬರು ಹೇಳಿದರು. ಹಳೇಬೀಡಿಗೆ ಸಮುದ್ರ ಎಲ್ಲಿಂದ ಬಂತು?

ಬರಲಿಲ್ಲ. ಹಳೇಬೀಡಿಗೂ ಕಡಲಿಗೂ ನಡುವೆ ಇಡೀ ಘಟ್ಟವೇ ಇದೆ. ಇಲ್ಲಿ ಸಮುದ್ರ ಎಂದರೆ ದೊಡ್ಡ ಕೆರೆ; ನಮ್ಮ ಊರುಗಳ ಹೆಸರಿನ ಕೊನೆಯಲ್ಲಿ ಬರುವ ಸಮುದ್ರಗಳೆಲ್ಲ ಬಹುಮಟ್ಟಿಗೆ ಕೆರೆಗಳೇ. ಹೊಯ್ಸಳರ ಶಾಸನಗಳಲ್ಲಿ ಕಾಣುವ ರೂಪ ದೋರಸಮುದ್ರ. ದ್ವಾರಸಮುದ್ರ ಅದರ ಸಂಸ್ಕೃತೀಕೃತ ಮುಖ. ಹೊಯ್ಸಳ ಅರಸರು ತಮ್ಮನ್ನು ದ್ವಾರಾವತೀಪುರವರಾಧೀಶ್ವರ ಎಂದು ಕರೆದುಕೊಂಡರು, ಅಂದರೆ ಕೃಷ್ಣನ ದ್ವಾರಕೆಯ ಯಾದವರ ವಂಶದವರೆಂದು. ಒಂದು ಕೆರೆಯ ಊರು, ಒಂದು ಪುರಾಣದ ಊರು, ಎರಡೂ ಸೇರಿ ಒಂದು ಬಾಗಿಲು ಹುಟ್ಟಿಬಿಟ್ಟಿತು.

ಹರಿದ್ವಾರ ಸರಿಯೋ ಹರದ್ವಾರ ಸರಿಯೋ?

ಬದರಿಗೆ ಹೊರಟವರಿಗೆ ಹರಿಯ ಬಾಗಿಲು, ಕೇದಾರಕ್ಕೆ ಹೊರಟವರಿಗೆ ಹರನ ಬಾಗಿಲು. ಹಳೆಯ ಹೆಸರುಗಳಲ್ಲಿ ಗಂಗಾದ್ವಾರ ಎಂಬುದೂ ಇದೆ, ನನಗೆ ಅದೇ ಸರಿ ಎನಿಸುತ್ತದೆ. ಬೆಟ್ಟ ಬಿಟ್ಟು ಬಯಲಿಗೆ ಬರುವ ನದಿಯ ಬಾಗಿಲು. ಭಕ್ತರೆಲ್ಲ ಒಳಗೆ ಹೋಗುವವರಾದರೆ ಗಂಗೆಯೊಬ್ಬಳೇ ಹೊರಗೆ ಬರುವವಳು.

ವೈಕುಂಠ ಏಕಾದಶಿಯಂದು ದಾಟುವ ಬಾಗಿಲು ನಿಜವಾದದ್ದೇ?

ಬಾಗಿಲು ನಿಜ, ಆಚೆ ಇರುವುದು ನಂಬಿಕೆ. ಧನುರ್ಮಾಸದ ಶುಕ್ಲ ಏಕಾದಶಿಯ ನಸುಕಿನಲ್ಲಿ ವಿಷ್ಣು ದೇವಾಲಯಗಳಲ್ಲಿ ವೈಕುಂಠ ದ್ವಾರ ತೆರೆಯುತ್ತಾರೆ. ಶ್ರೀರಂಗದಲ್ಲಿ ಅದರ ಹೆಸರು ಪರಮಪದ ವಾಸಲ್. ಆ ವಾಸಲ್ ನಮ್ಮ ಬಾಗಿಲಿನ ತಂಗಿಯೆಂದು ಮೇಲೆಯೇ ಹೇಳಿದೆ. ತಿರುಮಲದಲ್ಲಿ 2020ರಿಂದ ಅದನ್ನು ಹತ್ತು ದಿನ ತೆರೆದಿಡುತ್ತಿದ್ದಾರೆ. ಅಂಥ ಬಾಗಿಲಿಲ್ಲದ ಬಡಾವಣೆಯ ಗುಡಿಗಳಲ್ಲಿ ಬಿದಿರಿಗೆ ಬಟ್ಟೆ ಸುತ್ತಿ, ಸೇವಂತಿಗೆ ಹೂವು ಕಟ್ಟಿ ಒಂದು ದಿನದ ವೈಕುಂಠ ಬಾಗಿಲು ಮಾಡುತ್ತಾರೆ. ಮೂರು ತಾಸು ಸಾಲಿನಲ್ಲಿ ನಿಂತು ಮೂರು ಸೆಕೆಂಡಿನಲ್ಲಿ ಅದರಡಿ ದಾಟಿ, ಆಚೆ ಬದಿಯಲ್ಲಿ ಲಡ್ಡು ತೆಗೆದುಕೊಂಡವನು ನಾನು. ಮರುದಿನ ಅದೇ ಬಿದಿರು ಗೋಡೆಗೆ ಒರಗಿತ್ತು.

ಆ ಬಾಗಿಲಿನ ಕಾವಲುಗಾರರು ಜಯ ವಿಜಯರು. ಸನಕಾದಿಗಳನ್ನು ಒಳಗೆ ಬಿಡದೆ ತಡೆದದ್ದಕ್ಕೆ ಶಾಪ ತಿಂದು ಹಿರಣ್ಯಾಕ್ಷ ಹಿರಣ್ಯಕಶಿಪು, ರಾವಣ ಕುಂಭಕರ್ಣ, ಶಿಶುಪಾಲ ದಂತವಕ್ತ್ರರಾಗಿ ಮೂರು ಸಲ ಹುಟ್ಟಬೇಕಾಯಿತು. ಗುರುತಿನ ಚೀಟಿ ಕೇಳುವ ಕಾವಲುಗಾರನ ಮೇಲೆ ರೇಗುವ ಮುನ್ನ ಇದನ್ನು ನೆನೆಸಿಕೊಳ್ಳಬಹುದು. ಅವರು ಮಾಡಿದ್ದು ತಮ್ಮ ಕೆಲಸವನ್ನೇ.

ದೇಹಕ್ಕೆ ಒಂಬತ್ತು ಬಾಗಿಲೋ ಹನ್ನೊಂದೋ?

ಎರಡು ಲೆಕ್ಕವೂ ಇವೆ. ಗೀತೆಯ ಐದನೇ ಅಧ್ಯಾಯ ದೇಹವನ್ನು ಒಂಬತ್ತು ಬಾಗಿಲ ಊರು ಎನ್ನುತ್ತದೆ: ಎರಡು ಕಣ್ಣು, ಎರಡು ಕಿವಿ, ಎರಡು ಮೂಗಿನ ಹೊಳ್ಳೆ, ಬಾಯಿ, ಕೆಳಗಿನ ಎರಡು. ಕಠೋಪನಿಷತ್ತು ಹನ್ನೊಂದು ಬಾಗಿಲ ಊರು ಎನ್ನುತ್ತದೆ. ಹೊಕ್ಕುಳನ್ನೂ ನೆತ್ತಿಯ ಬ್ರಹ್ಮರಂಧ್ರವನ್ನೂ ಸೇರಿಸುತ್ತಾರೆ. ಒಂದು ಹುಟ್ಟುವ ಮುನ್ನ ಬಳಸಿದ ಬಾಗಿಲು, ಇನ್ನೊಂದು ಹೋಗುವಾಗ ಯೋಗಿಗೆ ಮಾತ್ರ ತೆರೆಯುತ್ತದೆಂಬ ಬಾಗಿಲು. ಗೀತೆಯಲ್ಲೇ ಕಾಮ, ಕ್ರೋಧ, ಲೋಭ ಎಂಬ ನರಕದ ಮೂರು ಬಾಗಿಲುಗಳೂ ಇವೆ, ಯುದ್ಧಕ್ಕೆ ನಿಂತವನಿಗೆ ತಾನಾಗಿ ತೆರೆದುಕೊಂಡ ಸ್ವರ್ಗದ ಬಾಗಿಲೂ ಇದೆ.

ನರಕದ ಬಾಗಿಲು ಎಂಬ ಹೆಸರಿನ ನಿಜವಾದ ಜಾಗವೂ ಒಂದಿದೆ. ತುರ್ಕಮೆನಿಸ್ತಾನದ ಕರಕುಮ್ ಮರುಭೂಮಿಯಲ್ಲಿ ಸುಮಾರು 70 ಮೀಟರ್ ಅಗಲದ ಗುಂಡಿಯಲ್ಲಿ ನೈಸರ್ಗಿಕ ಅನಿಲ ದಶಕಗಳಿಂದ ಉರಿಯುತ್ತಿದೆ. ಪಕ್ಕದ ಊರಿನ ಹೆಸರು ದರ್ವಾಜಾ. ಬೀದರಿನವರು ಹೋದರೆ ಅರ್ಥ ಕೇಳಬೇಕಿಲ್ಲ.

ಹೊಸ್ತಿಲ ಮೇಲೆ ಕೂರಬೇಡ ಎನ್ನುವುದು ಏಕೆ?

ಮನೆಯಲ್ಲಿ ಕೊಡುವ ಕಾರಣ ಲಕ್ಷ್ಮಿ. ಅರಿಶಿನ ಕುಂಕುಮ ಹಚ್ಚಿ ರಂಗೋಲಿ ಇಡುವ ಜಾಗದಲ್ಲಿ ಕೂರಬಾರದು. ಇದರ ಹಿಂದೆ ಹೊಸ್ತಿಲು ಒಳಗೂ ಅಲ್ಲ ಹೊರಗೂ ಅಲ್ಲ ಎಂಬ ಅಳುಕು ಇದೆಯೆಂದು ನನ್ನ ಊಹೆ. ಹಿರಣ್ಯಕಶಿಪುವಿನ ವರದಲ್ಲಿ ಒಳಗೆ, ಹೊರಗೆ ಎರಡೂ ಇದ್ದವು, ಹೊಸ್ತಿಲು ಬಿಟ್ಟುಹೋಗಿತ್ತು. ನರಸಿಂಹ ಹಿಡಿದದ್ದು ಅಲ್ಲೇ.

ಮದುವೆಯಲ್ಲಿ ಹೊಸ ಸೊಸೆ ಬರುವಾಗ ಗಂಡನ ಅಕ್ಕತಂಗಿಯರು ಬಾಗಿಲು ತಡೆಯುವುದೂ ಹೊಸ್ತಿಲ ಹತ್ತಿರವೇ. ‘ನಿನ್ನ ಮಗಳನ್ನು ನಮ್ಮ ಮನೆಗೆ ಕೊಡುತ್ತೀಯಾ?’ ಎಂದು ಇನ್ನೂ ಹುಟ್ಟದ ಮಗುವಿನ ಮಾತು ಕೇಳುತ್ತಾರೆ. ಗಂಡನ ಹೆಸರು ಹೇಳಿಸುತ್ತಾರೆ, ಕಾಣಿಕೆ ಕೀಳುತ್ತಾರೆ, ಆಮೇಲೆ ಬಿಡುತ್ತಾರೆ.

ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ?

ಹೌದು, 1990ರ ದಶಕದಲ್ಲಿ. ರಾತ್ರಿ ಒಂದು ಹೆಣ್ಣು ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು ಎಂಬ ಸುದ್ದಿ ಊರಿಂದೂರಿಗೆ ಹಬ್ಬಿತ್ತು. ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಕದದ ಮೇಲೆ ‘ನಾಳೆ ಬಾ’ ಎಂದು ಬರೆದರೆ ಅದು ಓದಿ ಹಿಂತಿರುಗುತ್ತದೆ, ನಾಳೆ ಬಂದರೆ ಮತ್ತೆ ಅದೇ ಬರಹ. ಕರಡು ತಿದ್ದುವವನಾಗಿ ನನಗೆ ಮೆಚ್ಚುಗೆಯಾದದ್ದು ಆ ದೆವ್ವದ ಅಕ್ಷರಜ್ಞಾನ, ಅದಕ್ಕಿಂತ ಮಿಗಿಲಾಗಿ ಬರಹದ ಮೇಲೆ ಅದಕ್ಕಿದ್ದ ವಿಶ್ವಾಸ. ನಮ್ಮ ಬೀದಿಯಲ್ಲಿ ಒಬ್ಬರು ‘ನಾಳೇ ಬಾ’ ಎಂದು ದೀರ್ಘ ಹಾಕಿದ್ದರು. ಆ ಮನೆಗೂ ದೆವ್ವ ಬರಲಿಲ್ಲ.

ಇಂಡಿಯಾ ಗೇಟ್, ಗೇಟ್‌ವೇ ಆಫ್ ಇಂಡಿಯಾ ಎರಡೂ ಒಂದೇ?

ಮುಂಬಯಿಯದು ಗೇಟ್‌ವೇ. ಐದನೇ ಜಾರ್ಜ್ 1911ರ ಡಿಸೆಂಬರ್‌ನಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. ಅಂದರೆ ದೊರೆ ಬಂದಾಗ ಬಾಗಿಲೇ ಇರಲಿಲ್ಲ. 1948ರ ಫೆಬ್ರುವರಿಯಲ್ಲಿ ಕೊನೆಯ ಬ್ರಿಟಿಷ್ ಪಡೆ ಹೊರಟದ್ದು ಮಾತ್ರ ಅದರ ಮೂಲಕವೇ. ಸ್ವಾಗತಕ್ಕೆ ತಡವಾದ ಬಾಗಿಲು ಬೀಳ್ಕೊಡುಗೆಗೆ ಒದಗಿತು. ದಿಲ್ಲಿಯ ಇಂಡಿಯಾ ಗೇಟ್ 1931ರಲ್ಲಿ ಉದ್ಘಾಟನೆಯಾದ ಯುದ್ಧ ಸ್ಮಾರಕ, ಬಾಗಿಲೇ ಅಲ್ಲ.

ಗೇಟ್‌ವೇ, ಪೋರ್ಟಲ್ ಎಂಬುದಕ್ಕೆ ಕನ್ನಡ ಪದ ಯಾವುದು? ‘ಹೆಬ್ಬಾಗಿಲು’ ಎನ್ನಬಹುದೇ?

ಪತ್ರಿಕೆಯಲ್ಲಿ ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಎನ್ನಿ, ಅಡ್ಡಿಯಿಲ್ಲ. ಕಂಪ್ಯೂಟರಿನ ಗೇಟ್‌ವೇಗೆ ಬೇಡ. ಅದು ಎರಡು ಬೇರೆ ಬೇರೆ ಜಾಲಗಳ ನಡುವೆ ಕೂತು ದತ್ತಾಂಶವನ್ನು ಆಚೆಯಿಂದ ಈಚೆಗೆ ದಾಟಿಸುವ ಸಾಧನ. ಹಣ ಪಾವತಿಯ ಗೇಟ್‌ವೇ ಅಂಗಡಿಗೂ ಬ್ಯಾಂಕಿಗೂ ನಡುವೆ ನಿಂತು, ಕಾರ್ಡಿನ ವಿವರವನ್ನು ಗುಪ್ತಲಿಪಿಯಲ್ಲಿ ಒಯ್ದು, ಹೌದು ಅಥವಾ ಅಲ್ಲ ಎಂಬ ಉತ್ತರ ತರುತ್ತದೆ. ಕೆಲಸ ನೋಡಿದರೆ ಬಾಗಿಲಿಗಿಂತ ಹಳೆಯ ಸುಂಕದ ಕಟ್ಟೆಗೆ ಹತ್ತಿರ: ನಿಲ್ಲಿಸಿ, ನೋಡಿ, ತನ್ನ ಪಾಲು ತೆಗೆದುಕೊಂಡು ಬಿಡುವುದು. ಆದರೂ ನಾನು ಗೇಟ್‌ವೇ, ಪೋರ್ಟಲ್ ಎಂದೇ ಬಿಡುತ್ತೇನೆ. ಓದುವವರಿಗೆ ಅವು ಗೊತ್ತು. ‘ಪಾವತಿ ಹೆಬ್ಬಾಗಿಲಿನಲ್ಲಿ ದೋಷ ಉಂಟಾಗಿದೆ’ ಎಂದರೆ ಜನ ಚಿತ್ರದುರ್ಗದ ಕಡೆ ನೋಡುತ್ತಾರೆ.

ಹಗರಣಗಳಿಗೆಲ್ಲ ‘ಗೇಟ್’ ಎಂದು ಬಾಲ ಹಚ್ಚುವುದು ಏಕೆ?

ವಾಷಿಂಗ್ಟನ್ನಿನ ವಾಟರ್‌ಗೇಟ್ ಎಂಬುದು ಕಟ್ಟಡಗಳ ಸಮುಚ್ಚಯದ ಹೆಸರು. 1972ರ ಜೂನ್‌ನಲ್ಲಿ ಅಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕಳ್ಳರು ನುಗ್ಗಿದರು, ಜಾಡು ಮೇಲಕ್ಕೆ ಹೋಗಿ 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಅಲ್ಲಿಂದ ಗೇಟ್ ಎಂಬ ಬಾಲ ಬಿಡಿಯಾಗಿ ಓಡಾಡುತ್ತಿದೆ. ಶ್ರೀರಂಗಪಟ್ಟಣದ ಆ ನೀರಿನ ಬಾಗಿಲಿಗೂ ಇಂಗ್ಲಿಷಿನವರು ಬರೆದಿಟ್ಟ ಹೆಸರು ವಾಟರ್ ಗೇಟ್ ಎಂದೇ.

‘ಬಾಗಿಲು ತೆಗೆ’ ಎಂದರೆ ಕಿತ್ತು ತೆಗೆ ಎಂದಾಗುವುದಿಲ್ಲವೇ?

ಕನ್ನಡ ಕಲಿಯುವ ಗೆಳೆಯರೊಬ್ಬರು ಕೇಳಿದ್ದು. ತೆಗೆ ಎಂದರೆ ತೆರೆ, ಹಾಕು ಎಂದರೆ ಮುಚ್ಚು. ಆದರೆ ‘ಹೊಸ ಬಾಗಿಲು ಹಾಕಿಸಿದೆ’ ಎಂದರೆ ಮುಚ್ಚಿಸಿದ್ದಲ್ಲ, ಕೂರಿಸಿದ್ದು. ‘ಅಂಗಡಿ ಬಾಗಿಲು ಹಾಕಿದೆ’ ಎಂದರೆ ಈ ಹೊತ್ತಿಗೆ ಮುಚ್ಚಿದೆ, ‘ಅಂಗಡಿಗೆ ಬಾಗಿಲು ಹಾಕಿದರು’ ಎಂದರೆ ವ್ಯಾಪಾರವೇ ಮುಳುಗಿತು. ಒಂದು ‘ಗೆ’ ಪ್ರತ್ಯಯದ ಮೇಲೆ ಒಂದು ಕುಟುಂಬದ ಗತಿ ನಿಂತಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎನ್ನುವ ಗಾದೆಯಲ್ಲಿ ಮಾತ್ರ ಅರ್ಥ ಒಂದೇ.

ಮಲೆನಾಡಿನ ಕಥೆಯೊಂದನ್ನು ಬರೆಯುತ್ತಿದ್ದೇನೆ. ತೋಟದ ಗೇಟಿಗೆ ಏನೆನ್ನಲಿ?

ಯಾವ ಥರದ ಗೇಟ್ ಎಂಬುದು ಮೊದಲು. ಎರಡು ಕಂಬಗಳಲ್ಲಿ ಸಾಲಾಗಿ ತೂತು ಕೊರೆದು, ಅಡ್ಡಲಾಗಿ ಬಿದಿರ ಗಳ ತೂರಿಸಿದ್ದರೆ ಉಣುಗೋಲು. ದನ ನುಗ್ಗದಂತೆ ತಡೆಯುತ್ತದೆ, ಮನುಷ್ಯ ಒಂದೆರಡು ಗಳ ಸರಿಸಿ ದಾಟುತ್ತಾನೆ. ಬೇಲಿಯನ್ನು ಮೆಟ್ಟಿ ಹತ್ತಿ ಇಳಿಯುವಂತೆ ಮಾಡಿದ್ದರೆ ತಡಬೆ. ಸಾಗರದ ಕಡೆಯ ಅಂಗಳಕ್ಕೆ ದಣಪೆ ಎಂದರೆ ಒಪ್ಪುತ್ತದೆ. ‘ಗೇಟು’ ಎಂದು ಬರೆದರೆ ಕಬ್ಬಿಣದ್ದು ಎಂದುಕೊಳ್ಳುತ್ತಾರೆ, ಅದು ಕಾಫಿ ಎಸ್ಟೇಟಿಗೆ ಸರಿ. ನಿಮ್ಮ ಕಥೆಯಲ್ಲಿ ರಾತ್ರಿ ಯಾರೋ ಬರುವ ಸನ್ನಿವೇಶವಿದ್ದರೆ ಉಣುಗೋಲನ್ನೇ ಇಡಿ. ಗಳ ಸರಿಸುವ ಸದ್ದು ಜಗಲಿಯವರೆಗೆ ಕೇಳುತ್ತದೆ, ನಾಯಿ ಆಮೇಲೆ ಬೊಗಳುತ್ತದೆ.